ತಾಯಿಯವರ ಸ್ಮರಣಾರ್ಥ

ಈಜುಕೊಳಕ್ಕೆ ಶೂ ಹಾಕಿಕೊಂಡು ಹೋಗಬೇಕೋ ಚಪ್ಪಲಿಯೇ ಸಾಕೋ ತಿಳಿಯದೆ ಕನ್ನಡಕದಂಗಡಿಯವನು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದ. ಐವತ್ತೆಂಟು ವರ್ಷದ ಗಂಡಸು ಇಷ್ಟು ಸಣ್ಣ ವಿಷಯಕ್ಕೆ ಕಂಗಾಲಾಗಿ ನಿಲ್ಲುವುದು ನಗೆಪಾಟಲು ಎಂದು ಅವನಿಗೂ ಗೊತ್ತಿತ್ತು. ಯಾವುದಾದರೇನು, ಅಲ್ಲಿ ಹೇಗೂ ದಡದಲ್ಲಿ ಬಿಚ್ಚಿಡಬೇಕಲ್ಲ ಎಂದು ಹೆಂಡತಿ ಒಳಗಿನಿಂದ ಹೇಳಿದಳು. ದಡದಲ್ಲಿ ಬಿಚ್ಚಿಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ನಲವತ್ತೊಂಬತ್ತು ವರ್ಷದ ಹಿಂದಿನದು ಕಣ್ಣ ಮುಂದೆ ಬಂತು. ನೀರಿನ ಅಂಚಿನಲ್ಲಿ ಒಂದು ಜೊತೆ ಪುಟ್ಟ ಚಪ್ಪಲಿ. ಒಂದರ ಪಟ್ಟಿ ಕಿತ್ತುಬಂದು ತಂತಿ ಕಟ್ಟಿದ್ದು. ಅದನ್ನು ಬೆರಳಲ್ಲಿ ನೇತಾಡಿಸಿಕೊಂಡು ಮನೆಮನೆಗೂ ಬಂದ ಪೊಲೀಸಿನವನು ಅವರ ಬಾಗಿಲಲ್ಲೂ ನಿಂತು, ಇದು ನಿಮ್ಮ ಹುಡುಗನದಾ ತಾಯಿ ಎಂದು ಕೇಳಿದ್ದ. ಕಂಬಳಿ ಹೊದ್ದು ಮಲಗಿದ್ದ ಒಂಬತ್ತು ವರ್ಷದ ಹುಡುಗ ರೆಪ್ಪೆಯ ಸಂದಿನಿಂದ ತನ್ನ ಚಪ್ಪಲಿಯನ್ನು ತಾನೇ ನೋಡಿದ್ದ. ಅವನ ತಲೆ ಇನ್ನೂ ಒದ್ದೆಯಾಗಿತ್ತು. ಅದಕ್ಕೆಂದೇ ಅಮ್ಮ ಅವನ ಹಣೆಯ ಮೇಲೆ ಒದ್ದೆಬಟ್ಟೆ ಹಾಕಿದ್ದಳು. ಅದನ್ನು ತಿರುವಿ ಹಾಕುತ್ತ ಒಂದಿಷ್ಟೂ ಅಳುಕದೆ, ಇವನಿಗೆ ಎರಡು ದಿನದಿಂದ ಕೆಂಡದಂಥ ಜ್ವರ ಸ್ವಾಮಿ, ಹೊಸ್ತಿಲು ದಾಟಿಲ್ಲ ಎಂದಿದ್ದಳು.

ಕೊನೆಗೆ ಶೂ ಹಾಕಿಕೊಂಡ. ಲೇಸು ಕಟ್ಟುವಾಗ ಹೆಂಡತಿ ಬಾಗಿಲಿಗೆ ಬಂದಳು. ಮಂಡಿನೋವಿನಿಂದ ತಾನು ಹೋಗಲಾಗುತ್ತಿಲ್ಲವೆಂಬ ಬೇಸರ ಅವಳಿಗೆ. ಇವತ್ತಿನಿಂದ ಊರಿನ ಯಾವ ಮಗುವಾದರೂ ಬಿಡಿಗಾಸಿಲ್ಲದೆ ಈಜು ಕಲಿಯಬಹುದು, ಅದಕ್ಕೆ ಕೊಟ್ಟವರು ನಮ್ಮೆಜಮಾನರು ಎಂದು ಮೇಲಿನ ಮನೆ ಕೆಳಗಿನ ಮನೆಗೆಲ್ಲ ಹೇಳಿ ಮುಗಿಸಿದ್ದಳು. 'ಮುಖ ಒಂದ್ಸಲ ನೋಡ್ಕೊಳ್ಳಿ,' ಎಂದಳು. 'ಕೊಟ್ಟು ಬಂದವರ ಥರ ಇಲ್ಲ, ಕದ್ದು ಸಿಕ್ಕಿಬಿದ್ದವರ ಥರ ಇದೆ.' ತಮಾಷೆಗೆ ಅಂದದ್ದು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳು ಸಿಟ್ಟಿನಲ್ಲಿ ಆಡಿದ ಮಾತಿಗೆ ಅವನು ಎಂದೂ ಹೆದರಿದ್ದಿಲ್ಲ. ತಮಾಷೆಗೆ ಆಡಿದ್ದಕ್ಕೇ ಹೆದರಿಕೆ. ನಕ್ಕಹಾಗೆ ಮಾಡಿ ಬೀದಿಗಿಳಿದ.

ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಬ್ರೆಡ್ಡಿನ ಅಂಗಡಿಯವನು ಹಿಟ್ಟು ಮೆತ್ತಿದ ಕೈಯನ್ನೇ ಎತ್ತಿ, ದೊಡ್ಡ ಕೆಲಸ ಮಾಡಿಬಿಟ್ರಿ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವನ ಕೈ ತಾನಾಗಿ ತಲೆಗೂದಲ ಮೇಲೆ ಹೋಯಿತು. ಒಣಗಿಯೇ ಇತ್ತು. ಹೀಗೆ ಕೂದಲು ಮುಟ್ಟಿಕೊಳ್ಳುವುದು ಎಷ್ಟೋ ವರ್ಷಗಳ ಚಾಳಿ. ಗಿರಾಕಿಯ ಕಣ್ಣಿನ ಮುಂದೆ ಒಂದೊಂದೇ ಗಾಜು ಬದಲಾಯಿಸುತ್ತ, ಈಗ ಕಾಣುತ್ತಾ, ಈಗ, ಎಂದು ಕೇಳುವಾಗ ಆ ಕಣ್ಣು ಅಕ್ಷರಗಳ ಹಲಗೆಯನ್ನು ಬಿಟ್ಟು ತನ್ನ ಕಡೆಗೆ ತಿರುಗಿದರೆ ಸಾಕು, ಎಡಗೈ ತಲೆಗೆ ಹೋಗುತ್ತಿತ್ತು. ಅಂಗಡಿಯ ಹುಡುಗಿಯರು ಇದನ್ನು ಅಣಕಿಸುವುದನ್ನೂ ಅವನು ಕನ್ನಡಿಯಲ್ಲಿ ಕಂಡಿದ್ದ.

ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಅವಳ ಹೆಸರಿನಲ್ಲಿದ್ದ ಊರಾಚೆಯ ಜಾಗ ಮಾರಿ ಬಂದದ್ದನ್ನು ಅವನು ಒಂದು ತಿಂಗಳೂ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ನಮಗೆ ಹಿಂದಿಲ್ಲ ಮುಂದಿಲ್ಲ, ಕೊಡೋದಾದರೆ ಕೊಡಿ ಎಂದು ಹೆಂಡತಿಯೂ ಅಂದಳು. ಅದನ್ನು ತೆಗೆದುಕೊಂಡು ಅವನು ಹೋದದ್ದು ಊರಿನವರೇ ಸೇರಿ ಕಟ್ಟಿಕೊಂಡಿದ್ದ ಪ್ರತಿಷ್ಠಾನಕ್ಕೆ. ಗ್ರಂಥಾಲಯದ ಮೇಲಿನ ಎರಡು ಕೋಣೆ, ಒಂದು ಉದ್ದ ಮೇಜು, ಕಾರ್ಯದರ್ಶಿಯಾಗಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ಇಲ್ಲಿ ದೊಡ್ಡ ದಾನಿಗಳು ಅಂತ ಯಾರೂ ಇಲ್ಲ, ನರ್ಸು, ಬಸ್ ಡ್ರೈವರು, ಬ್ರೆಡ್ಡಿನ ಅಂಗಡಿಯವನು, ಎಲ್ಲರೂ ಕೈಲಾದಷ್ಟು ತಂದು ಹಾಕ್ತಾರೆ, ಊರಿನದು ಊರಿಗೇ ಹೋಗುತ್ತೆ ಎಂದು ಅವರು ಹೇಳಿದ್ದರು. ಮಕ್ಕಳಿಗೆ ಈಜು ಕಲಿಸಬೇಕು ಎಂದು ಅವನು ಹೇಳಿದ. ಎಷ್ಟು ಒಳ್ಳೆಯ ಯೋಚನೆ ಎಂದು ಅವರು ಪೆನ್ನು ತೆಗೆದರು. ಯಾರ ನೆನಪಿಗೆ ಎಂದು ಬರೆಯಲಿ? ಅವನು ಬಾಯಿ ತೆರೆದ. ಮೂರು ರಾತ್ರಿ ಎದ್ದು ಕೂತು ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವರೇ, ತಾಯಿಯವರ ನೆನಪಿಗಲ್ಲವಾ ಎಂದರು. ಅವನು ತಲೆ ಆಡಿಸಿದ. ಹೌದೆಂದೂ ಆಗಬಹುದು, ಅಲ್ಲವೆಂದೂ ಆಗಬಹುದು, ಅಂಥ ಆಡಿಸುವಿಕೆ. ಪೆನ್ನು ಅದನ್ನು ಹೌದೆಂದು ಬರೆದುಕೊಂಡಿತು.

ಆದರೂ ಅವತ್ತು ಆ ಮೆಟ್ಟಿಲು ಇಳಿಯುವಾಗ ಅವನಿಗೆ ಏನೋ ಆಯಿತು. ಸರಿಯಾದ ಗಾಜು ಬಿದ್ದ ಕ್ಷಣ ಗಿರಾಕಿಯ ಮುಖದಲ್ಲಿ ಬರುತ್ತದಲ್ಲ, ಬಾಯಿ ಅರ್ಧ ತೆರೆದು, ಅಯ್ಯೋ ಎಲೆಗಳು ಬೇರೆ ಬೇರೆಯಾಗಿ ಕಾಣ್ತಿವೆ ಅನ್ನುತ್ತಾರಲ್ಲ, ಹಾಗೆ. ಎದೆಯ ಮೇಲೆ ಕೂತಿದ್ದ ಯಾರೋ ಎದ್ದುಹೋದ ಹಾಗೆ. ಗ್ರಂಥಾಲಯದ ಮುಂದೆ ಸೈಕಲ್ ಸರಪಳಿ ಹಾಕುತ್ತಿದ್ದ ಅಪರಿಚಿತ ಹೆಂಗಸಿಗೆ ಬಗ್ಗಿ ಹಾಕಿಕೊಟ್ಟ, ಕೈಯೆಲ್ಲ ಎಣ್ಣೆ ಮಾಡಿಕೊಂಡ, ಸಿಳ್ಳೆ ಕೂಡ ಹಾಕಿದನೇನೋ. ಕೊಡುವುದೆಂದರೆ ಹೀಗಿರುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಮೂಲೆ ತಿರುಗಿದ ಮೇಲೆ ಹೆದರಿಕೆ ಬಂತು. ಈ ಸುಖ ಯಾರದು? ಯಾರಿಗೆ ಸಲ್ಲಬೇಕಾದದ್ದನ್ನು ತಾನು ಹೀಗೆ ಬಾಚಿಕೊಂಡು ತಿನ್ನುತ್ತಿದ್ದೇನೆ? ಅಲ್ಲಿಂದೀಚೆಗೆ ಅದು ಬಿಸಿತುಪ್ಪ; ನುಂಗಲೂ ಆಗದು, ಉಗುಳಲೂ ಆಗದು.

ಈಜುಕೊಳದ ಬಾಗಿಲಲ್ಲಿ ಕಾರ್ಯದರ್ಶಿ ಕಾಯುತ್ತಿದ್ದರು. ಅವನ ತೋಳು ಹಿಡಿದು ಗೋಡೆಯ ಕಡೆ ತಿರುಗಿಸಿ, ಹೇಗಿದೆ ಎಂದರು. ನೀಲಿ ಹಲಗೆ, ಬಿಳಿಯ ಅಕ್ಷರ. ತಾಯಿಯವರ ಸ್ಮರಣಾರ್ಥ ಎಂದು ಮೇಲೆ, ಅದರ ಕೆಳಗೆ ಇನ್ನೂ ದೊಡ್ಡದಾಗಿ ಅಮ್ಮನ ಹೆಸರು. ಆರು ಮೀಟರ್ ದೂರದಿಂದ ಕಣ್ಣುಪರೀಕ್ಷೆಯ ಹಲಗೆಯ ಕೊನೆಯ ಸಾಲು ಓದಬಲ್ಲ ಅವನ ಕನ್ನಡಕದ ಹಿಂದೆ ಅವು ಕದಲತೊಡಗಿದವು. ಅಮ್ಮ ಕೆಟ್ಟವಳಲ್ಲ. ಅವತ್ತು ಪೊಲೀಸಿನವನು ಹೋದ ಮೇಲೆ ಬಾಗಿಲು ಹಾಕಿ ಬಂದು ಅವನ ಪಕ್ಕದಲ್ಲಿ ಕೂತು, ಒಂದು ಜೀವದ ಋಣ ಹೊತ್ತುಕೊಂಡು ನೀನು ಬೆಳೆಯೋದು ಬೇಡ ಕಂದ, ಈ ಮಾತು ಇಲ್ಲಿಗೇ ಹೂತುಹೋಗಲಿ ಎಂದಿದ್ದಳು. ಆಮೇಲೆ ಸಾಯುವತನಕ ಅವರಿಬ್ಬರೂ ಆ ಮಾತು ಎತ್ತಲಿಲ್ಲ. ಕೊನೆಯ ದಿನಗಳಲ್ಲಿ ಅವಳು ತಲೆ ಒರೆಸು, ತಲೆ ಒರೆಸು ಎಂದು ಬಡಬಡಿಸುತ್ತಿದ್ದಳು. ಜ್ವರದಲ್ಲಿ ಏನೋ ಅನ್ನುತ್ತಿದ್ದಾರೆ ಎಂದುಕೊಂಡು ಹೆಂಡತಿ ಅವಳದೇ ತಲೆ ಒರೆಸುತ್ತಿದ್ದಳು. ಸುಳ್ಳನ್ನು ಹೂಳಿದವಳ ಹೆಸರು ಈಗ ನೀಲಿಯ ಮೇಲೆ ಬಿಳಿಯಾಗಿ ಊರಿಗೆಲ್ಲ ಕಾಣುವ ಹಾಗೆ ನಿಂತಿತ್ತು.

ಹಲಗೆಯ ಕೆಳಗೇ ಟಿಕೆಟ್ ಕಿಟಕಿ. ಅದರೊಳಗೆ, ಅವತ್ತು ನೀರಿನಲ್ಲಿ ಹೋದ ಗಾರೆಯವನ ಮಗಳು ಕೂತಿದ್ದಳು. ಅವಳು ಇಪ್ಪತ್ತು ವರ್ಷದಿಂದ ಅಲ್ಲೇ ಕೂರುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು, ಗೊತ್ತಿದ್ದರಿಂದಲೇ ಈ ಬೀದಿಗೆ ಅವನು ಬರುತ್ತಿರಲಿಲ್ಲ. ಅವಳೇ ವರ್ಷಕ್ಕೊಮ್ಮೆ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬರುವಳು. ಮುದುಕಿಯ ಕನ್ನಡಕಕ್ಕೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಮುದುಕಿ ಹರಸುವಾಗ ಅವನು ಗಾಜು ಒರೆಸುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದ. ಮಗಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಇಷ್ಟು ವರ್ಷವೂ ಏನೆಂದೂ ಕರೆಯದೆ ಕಳೆದಿದ್ದ. ಅವಳು ಮಾತ್ರ ಅಣ್ಣ ಎನ್ನುತ್ತಿದ್ದಳು. ಈಗಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಎಂಥ ತಾಯಿ ಅಣ್ಣ ನಿಮಗೆ,' ಎಂದಳು. 'ಹೋದ ಮೇಲೂ ಊರಿನ ಮಕ್ಕಳನ್ನ ಕಾಯ್ತಿದಾರೆ.'

ಅವಳ ಅಪ್ಪ ಸತ್ತ ಹೊಸದರಲ್ಲಿ ಶಾಲೆಯ ಕಾಂಪೌಂಡಿನ ಹತ್ತಿರ ಹುಡುಗರು ಅವಳನ್ನು ಸುತ್ತುಗಟ್ಟುತ್ತಿದ್ದರು. ಅವಳಿಗೆ ಆಗ ಆರೋ ಏಳೋ ವರ್ಷ. ಕುಡುಕನ ಮಗಳು, ಕುಡುಕನ ಮಗಳು, ನಿಮ್ಮಪ್ಪ ನೀರು ಅಂತ ಕುಡಿಯೋಕೆ ಹೋಗಿ ಬಿದ್ದನಂತೆ. ಕಲ್ಲುಗಣಿಯ ಹೊಂಡದಲ್ಲಿ ಸಿಕ್ಕಿದ ಹೆಣಕ್ಕೆ ಊರು ಕೊಟ್ಟ ಕಾರಣ ಅದು. ವಾರಕ್ಕೊಮ್ಮೆ ಗಾರೆಯವನು ಕುಡಿಯುತ್ತಿದ್ದದ್ದು ನಿಜವೇ ಆದ್ದರಿಂದ ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಅವನು ಯಾರ ಕೈಕೆಳಗೆ ದುಡಿಯುತ್ತಿದ್ದನೋ ಆ ಗುತ್ತಿಗೆದಾರ, ಕುಡಿದು ಸತ್ತವನಿಗೆ ನಾನೇನು ಕೊಡಲಿ ಎಂದು ಕೈ ಝಾಡಿಸಿದ. ಹುಡುಗರ ಗುಂಪಿನ ಹಿಂದೆ ನಿಂತಿದ್ದ ಒಂಬತ್ತು ವರ್ಷದವನಿಗೆ, ತಾನೊಬ್ಬ ಮಾತ್ರ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ತಿರುಗಿ ತನ್ನನ್ನು ನೋಡುತ್ತಾರೆ ಅನಿಸಿತು. ಅವನೂ ಕೂಗಿದ. ಉಳಿದವರಿಗಿಂತ ಜೋರಾಗಿಯೇ ಕೂಗಿದ. ಅವಳು ಅಳಲಿಲ್ಲ, ಸ್ಲೇಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅಮ್ಮ ಹೇಳಿದ ಸುಳ್ಳು ಅಮ್ಮನದು. ಆ ಕೂಗು ಮಾತ್ರ ಅವನ ಸ್ವಂತದ್ದು. ಅದನ್ನು ಯಾರ ತಲೆಗೂ ಕಟ್ಟಲು ಬರುವಂತಿರಲಿಲ್ಲ.

ಒಳಗೆ ಮಕ್ಕಳಾಗಲೇ ನೀರಿಗಿಳಿದಿದ್ದರು. ಎದೆಮಟ್ಟದ ನೀರು. ಹನ್ನೆರಡು ರಬ್ಬರ್ ಟೋಪಿಗಳು. ಕಲಿಸುವವಳು ಚಿಕ್ಕ ವಯಸ್ಸಿನ ಹುಡುಗಿ, ಕೊರಳಲ್ಲಿ ಸೀಟಿ. ಅಂಚಿನ ಬೆಂಚಿನ ಮೇಲೆ ಅವನನ್ನು ಕೂರಿಸಿ ಕಾರ್ಯದರ್ಶಿ ತಾಯಂದಿರ ಜೊತೆ ಮಾತಿಗೆ ಹೋದರು. ಔಷಧಿ ಹಾಕಿದ ನೀರಿನ ವಾಸನೆ ಮೂಗಿಗೆ ಹತ್ತಿತು. ಅವನು ಎಣಿಸಿದ. ಹನ್ನೆರಡು. ಮತ್ತೆ ಎಣಿಸಿದ. ಸಂತೋಷವಾಗಬೇಕಿತ್ತು, ಇದಕ್ಕೆಂದೇ ಅಲ್ಲವೇ ಕೊಟ್ಟದ್ದು. ಆದರೆ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು: ನಿನ್ನೆಯವರೆಗೆ ಈ ಹನ್ನೆರಡು ಮಕ್ಕಳು ಒಣನೆಲದ ಮೇಲಿದ್ದವು. ಯಾರೂ ಕೇಳದೆ ಇದ್ದಾಗ ಕೊಟ್ಟು, ಇವುಗಳನ್ನು ನೀರಿಗೆ ತಂದವನು ತಾನು. ಒಂದಕ್ಕೆ ಏನಾದರೂ ಆದರೆ? ಕೊಡುವುದೆಂದರೆ ಕೈ ಚಾಚುವುದು. ಚಾಚಿದ ಕೈ ನೂಕುವುದಕ್ಕೂ ಆಗುತ್ತದೆ. ಕಲಿಸುವವಳು, ಎಲ್ಲರೂ ಗೋಡೆ ಹಿಡ್ಕೊಳ್ಳಿ, ಉಸಿರು ತಗೊಳ್ಳಿ, ಈಗ ಮುಳುಗಿ ಎಂದಳು.

ಹನ್ನೆರಡು ತಲೆಗಳೂ ಒಟ್ಟಿಗೆ ಹೋದವು. ನೀರು ಮುಚ್ಚಿಕೊಂಡಿತು. ಏನೂ ನಡೆದೇ ಇಲ್ಲವೆಂಬಂತೆ ಅದು ಎಷ್ಟು ಬೇಗ ನುಣ್ಣಗಾಗುತ್ತದೆ ಎಂಬುದನ್ನು ಅವನು ಮರೆತಿದ್ದ. ಮರೆತಿರಲಿಲ್ಲ. ಆ ಹೊಂಡದ ನೀರೂ ಹೀಗೇ ನುಣ್ಣಗಾಗಿತ್ತು, ಅದರ ಮೇಲೆ ಒಂದು ಒಣಎಲೆ ತನ್ನ ಪಾಡಿಗೆ ತಿರುಗುತ್ತಿತ್ತು. ತಲೆಗಳು ಬಂದವು, ಒಂದು, ಮೂರು, ಏಳು, ಕೆಮ್ಮುತ್ತ ನಗುತ್ತ, ಹತ್ತು, ಹನ್ನೊಂದು. ಹನ್ನೊಂದು. ಅವನು ಎದ್ದ. ಒಂದು ಇಲ್ಲ ಎಂದು ಅಂದನೋ ಅಂದುಕೊಂಡನೋ, ಒದ್ದೆ ಕಲ್ಲಿನ ಮೇಲೆ ಶೂ ಜಾರಿತು, ಬೆಳಕೆಲ್ಲ ತಲೆಕೆಳಗಾಯಿತು, ಬಾಯಿಗೆ ಮೂಗಿಗೆ ನೀರು ನುಗ್ಗಿತು. ಐವತ್ತೆಂಟು ವರ್ಷದ ಮೈ ಒಂಬತ್ತು ವರ್ಷದ ಮೈಯಂತೆ ಒದ್ದಾಡಿತು. ಯಾರೋ ಕಾಲರ್ ಹಿಡಿದು ಎತ್ತಿ ನಿಲ್ಲಿಸಿದರು. ಕಲಿಸುವ ಹುಡುಗಿ. ನೀರು ಅವನ ಸೊಂಟಕ್ಕೆ ಬರುತ್ತಿತ್ತು. ಪಕ್ಕದಲ್ಲೇ ಹನ್ನೆರಡನೆಯ ತಲೆ ಮೇಲೆ ಬಂದಿತ್ತು, ಪುಟ್ಟ ಹೆಣ್ಣುಮಗು, ಕೆನ್ನೆ ಉಬ್ಬಿಸಿಕೊಂಡು. ನಾನೇ ಎಲ್ಲರಿಗಿಂತ ಜಾಸ್ತಿ ಹೊತ್ತು ಇದ್ದೆ ಮಿಸ್, ಎಂದಿತು. ಆಮೇಲೆ ಅವನನ್ನು ಕಂಡು, ಅಜ್ಜ ಬಟ್ಟೆ ಹಾಕ್ಕೊಂಡೇ ಬಂದ್ಬಿಟ್ಟಿದಾರೆ, ಎಂದಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ತಾಯಂದಿರು ನಗದಿರಲು ಪ್ರಯತ್ನಪಟ್ಟರು, ಅದು ಇನ್ನೂ ಕಷ್ಟವಾಗಿತ್ತು ನೋಡಲು. ಅವನ ಕನ್ನಡಕ ನೀರಿನ ತಳದಲ್ಲಿ ಎಲ್ಲೋ ಬಿದ್ದಿತ್ತು.

ಟಿಕೆಟ್ ಕೋಣೆಗೆ ಅವನನ್ನು ಕರೆದೊಯ್ದವಳು ಗಾರೆಯವನ ಮಗಳು. ಯಾರೋ ಬಿಟ್ಟುಹೋದ ಬಟ್ಟೆಗಳ ಪೆಟ್ಟಿಗೆಯಿಂದ ಒಂದು ಹಳದಿ ಬನಿಯನ್ನು, ಮೊಣಕಾಲ ಕೆಳಗೆ ನಿಂತುಹೋಗುವ ಪ್ಯಾಂಟು ತೆಗೆದುಕೊಟ್ಟು ಹೊರಗೆ ನಿಂತಳು. ಅವನು ಬದಲಾಯಿಸಿಕೊಂಡ ಮೇಲೆ ಒಳಗೆ ಬಂದು ಒಂದು ಟವೆಲ್ ಕೈಗಿತ್ತು, 'ತಲೆ ಒರೆಸ್ಕೊಳ್ಳಿ ಅಣ್ಣ, ಶೀತ ಆಗುತ್ತೆ,' ಎಂದಳು. ಕೈ ತಲೆಗೆ ಹೋಯಿತು. ಒದ್ದೆ. ಈ ಸಲ ನಿಜವಾಗಿಯೂ ಒದ್ದೆ. ಕನ್ನಡಕವಿಲ್ಲದ ಕಣ್ಣಿಗೆ ಅವಳು ಒಂದು ಮಸುಕು ಆಕಾರವಾಗಿದ್ದಳು, ಮುಖವಿರುವ ಕಡೆ ತಿಳಿಕಂದು ಬಣ್ಣ ಮಾತ್ರ. ಇಷ್ಟು ವರ್ಷ ನೋಡಲಾರದ ಮುಖ ಈಗ ಕಾಣಿಸುತ್ತಲೇ ಇರಲಿಲ್ಲ.

'ನಿಮ್ಮಪ್ಪ ಅವತ್ತು ಕುಡಿದಿರಲಿಲ್ಲ,' ಎಂದ.

ಯಾವತ್ತು ಎಂದು ಅವಳು ಕೇಳಲಿಲ್ಲ. 'ನಿಮಗೆ ಹೇಗೆ ಗೊತ್ತು?' ಎಂದಳು.

'ಅವರ ಉಸಿರು ನನ್ನ ಮುಖದ ಮೇಲಿತ್ತು. ಸಿಮೆಂಟಿನ ವಾಸನೆ ಇತ್ತು. ಬೇರೆ ಯಾವ ವಾಸನೆಯೂ ಇರಲಿಲ್ಲ.'

ಅಷ್ಟು ಬಂದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡಿದ್ದ. ಬರಲಿಲ್ಲ. ಒಂದೊಂದು ಮಾತನ್ನೂ ಕಲ್ಲು ಕಿತ್ತಂತೆ ಕೀಳಬೇಕಾಯಿತು. ನಡುವೆ ಕಿಟಕಿಗೆ ಇಬ್ಬರು ಹೆಂಗಸರು ಬಂದರು. ಅವಳು ತಿರುಗಿ ಅವರಿಗೆ ಟಿಕೆಟ್ ಹರಿದುಕೊಟ್ಟಳು, ಟೋಪಿ ಕಡ್ಡಾಯ, ಬಲಗಡೆ ಬಾಗಿಲು ಎಂದಳು. ಅವನು ಅರ್ಧ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು, ಬೇರೆಯವರ ಹಳದಿ ಬನಿಯನ್ನಿನಲ್ಲಿ, ಸ್ಟೂಲಿನ ಮೇಲೆ ಕಾದ. ಅವರು ಹೋದ ಮೇಲೆ ಮುಂದುವರಿಸಿದ. ಯಾರಿಗೂ ಹೇಳದೆ ಒಬ್ಬನೇ ಹೊಂಡಕ್ಕೆ ಹೋಗಿದ್ದು. ಪಾಚಿಯ ಮೇಲೆ ಕಾಲಿಟ್ಟದ್ದು. ಕೆಲಸ ಮುಗಿಸಿ ಆ ದಾರಿಯಲ್ಲಿ ಬರುತ್ತಿದ್ದ ಅವಳ ಅಪ್ಪ ಇಳಿದದ್ದು. ಅವರಿಗೆ ಈಜು ಬರುತ್ತಿರಲಿಲ್ಲ ಎಂಬುದು ಹುಡುಗನಿಗೆ ಆಮೇಲೆ ತಿಳಿಯಿತು. ಒಳಗೆ ಯಾವುದೋ ಬಂಡೆಯ ಮೇಲೆ ಕಾಲೂರಿ, ತಮ್ಮ ತಲೆ ನೀರಿನೊಳಗಿದ್ದರೂ ಎರಡೂ ಕೈಯಲ್ಲಿ ಅವನನ್ನು ಎತ್ತಿ ಅಂಚಿಗೆ ತಳ್ಳಿದರು. ಅವನು ಹುಲ್ಲು ಹಿಡಿದು ಹತ್ತಿದ. ತಿರುಗಿ ನೋಡಿದಾಗ ಕೈಗಳು ಇನ್ನೂ ಮೇಲಿದ್ದವು. ಆಮೇಲೆ ಇರಲಿಲ್ಲ. ಒಂದು ಕೂಗಿನ ದೂರದಲ್ಲಿ ಲಾರಿಗೆ ಕಲ್ಲು ತುಂಬುತ್ತಿದ್ದರು, ಅವರ ನಗು ಕೇಳಿಸುತ್ತಿತ್ತು. ಕೂಗಬಹುದಿತ್ತು. ಮನೆಯಲ್ಲಿ ಬೈಯುತ್ತಾರೆ ಎಂದು ಹೆದರಿ ಕೂಗಲಿಲ್ಲ. ಓಡಿದ. ಬೈಯುತ್ತಾರೆ ಎಂದು, ಅಷ್ಟೇ. ಅಮ್ಮ ಬೈಯಲೂ ಇಲ್ಲ.

ಶಾಲೆಯ ಕಾಂಪೌಂಡಿನ ವಿಷಯವನ್ನೂ ಹೇಳಿದ. ಅದನ್ನು ಬಿಟ್ಟುಬಿಡಬಹುದಿತ್ತು, ಅವಳಿಗೆ ನೆನಪಿರುವ ಸಂಭವವೂ ಇರಲಿಲ್ಲ.

ಅವಳು ಅಳಲಿಲ್ಲ. ಟಿಕೆಟ್ ಪುಸ್ತಕದ ಅಂಚನ್ನು ಉಗುರಿನಿಂದ ಸರಿಪಡಿಸುತ್ತಿರುವ ಸಪ್ಪಳ ಕೇಳಿಸುತ್ತಿತ್ತು. 'ಒಂದು ಸಲ,' ಎಂದಳು, 'ಒಂದೇ ಸಲ ಬಾಯಲ್ಲಿ ವಾಸನೆ ಬಂತು ಅಂತ ನನ್ನ ಗಂಡನನ್ನ ಮನೆಯಿಂದಾಚೆ ಹಾಕಿದೆ. ಅಮ್ಮನ ಹಾಗೆ ಆಗಬಾರದು ಅಂತ. ಬಾಗಿಲಲ್ಲಿ ನಿಂತು ಕೈ ಮುಗಿದರು, ಆದರೂ ತೆಗೀಲಿಲ್ಲ. ಈಗ ಅವರು ಬೇರೆ ಊರಲ್ಲಿ ಬೇರೆ ಸಂಸಾರ ಮಾಡ್ಕೊಂಡಿದಾರೆ.' ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಇದು ಅವನಿಗೆ ಗೊತ್ತಿರಲಿಲ್ಲ. ತನ್ನ ತಪ್ಪಿನ ಉದ್ದಗಲ ತನಗೆ ಗೊತ್ತಿದೆ ಎಂದೇ ಇಷ್ಟು ವರ್ಷ ನಂಬಿದ್ದ, ದಿನವೂ ಅದನ್ನು ಅಳೆದುಕೊಂಡೇ ಬಂದಿದ್ದ. ಅದು ತನ್ನ ಕಣ್ಣಿಗೆ ಬೀಳದ ಮನೆಗಳಲ್ಲಿ, ತಾನು ಕಾಣದ ಬಾಗಿಲುಗಳಲ್ಲಿ ಬೆಳೆಯುತ್ತಲೇ ಇತ್ತು. ಹಲಗೆ ಇವತ್ತೇ ತೆಗೆಸುತ್ತೇನೆ, ಅವರ ಹೆಸರು ಹಾಕಿಸುತ್ತೇನೆ ಎಂದು ತೊದಲಿದ.

'ಹಲಗೆ ಹಾಕಿದರೆ ನಿಮಗೆ ನಿದ್ದೆ ಬರುತ್ತೆ,' ಎಂದಳು. 'ನನಗೇನು ಬರುತ್ತೆ?' ಅಣ್ಣ ಎಂಬ ಮಾತು ಬಿದ್ದುಹೋಗಿತ್ತು. ಅವಳು ಎದ್ದು ಕಿಟಕಿಯ ಕದ ಎಳೆದಳು. ಹೊರಗೆ ಸಾಲಿನಲ್ಲಿದ್ದವರು ಗೊಣಗಿದರು. 'ಅಮ್ಮ ಇನ್ನೂ ಇದಾಳೆ. ಅವಳಿಗೆ ಹೇಳಿ ಬನ್ನಿ. ನಾನು ಹೇಳಲ್ಲ.'

ಬಾಗಿಲಲ್ಲಿ ಕಾರ್ಯದರ್ಶಿ ಅವನ ಕನ್ನಡಕ ಹಿಡಿದುಕೊಂಡು ಬಂದರು. ಆ ಹನ್ನೆರಡನೆಯ ಮಗುವೇ ಮುಳುಗಿ ತೆಗೆದುಕೊಟ್ಟಿತಂತೆ. ಅದನ್ನು ಹಾಕಿಕೊಳ್ಳುತ್ತ ಅವನು, ಆ ಹಲಗೆ ತಪ್ಪಾಗಿದೆ, ದಯವಿಟ್ಟು ಇಳಿಸಿಬಿಡಿ ಎಂದ. ಅವರು ಗಾಬರಿಯಿಂದ ಮೇಲೆ ನೋಡಿ, ಕಾಗುಣಿತ ತಪ್ಪಾಯ್ತಾ, ನಾನೇ ಎರಡು ಸಲ ಓದಿದ್ದೆನಲ್ಲ ಎಂದರು. ಕಾಗುಣಿತ ಅಲ್ಲ ಎಂದ. ಅವರಿಗೆ ಎಲ್ಲವನ್ನೂ ಹೇಳಲು ನಿಂತರೆ ಮುಂದಿನ ಹೆಜ್ಜೆ ಇಡಲಾರೆನೇನೋ ಎನಿಸಿ, ಸಂಜೆ ಬಂದು ಹೇಳುತ್ತೇನೆ ಎಂದು ಗಾರೆಯವನ ಮಗಳ ಹಿಂದೆ ನಡೆದ. ಎರಡು ಬೀದಿ. ಗಿಡ್ಡ ಪ್ಯಾಂಟು, ಹಳದಿ ಬನಿಯನ್ನು, ಹೆಜ್ಜೆಹೆಜ್ಜೆಗೂ ನೀರು ಕಕ್ಕುವ ಶೂ. ಗುರುತಿನವರು ನೋಡಿದರು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಓಡಿಹೋಗಬಹುದು ಎಂಬ ಯೋಚನೆ ಬಂತು. ಮೈಗೆ ಆ ದಾರಿ ಚೆನ್ನಾಗಿ ಗೊತ್ತಿತ್ತು.

ನಾಲ್ಕು ಕಡೆಯೂ ಮನೆಗಳು, ನಡುವೆ ಬಟ್ಟೆ ಒಣಹಾಕುವ ಅಂಗಳ, ಮಧ್ಯಾಹ್ನದ ಸೆಕೆಗೆ ಎಲ್ಲ ಕಿಟಕಿಗಳೂ ತೆರೆದಿದ್ದವು. ಮೂರನೆಯ ಮಹಡಿ. ಮೆಟ್ಟಿಲಲ್ಲಿ ಅವಳು, ಅಮ್ಮನಿಗೆ ಕಿವಿ ಹೋಗಿದೆ, ಎಡಗಡೆ ಅಷ್ಟಿಷ್ಟು, ಎಂದಳು ಹಿಂದೆ ತಿರುಗದೆ. ಮುದುಕಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಒಂದು ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಅವನದೇ ಕನ್ನಡಕ. ಒಂದು ಕಡೆ ವಾಲಿದೆ, ತಿರುಪು ಬಿಗಿ ಮಾಡಬೇಕು ಎಂದು ಇಂಥ ಹೊತ್ತಿನಲ್ಲೂ ಅವನಿಗೆ ಹೊಳೆದು ನಾಚಿಕೆಯಾಯಿತು. ಅವಳು ತಲೆಯೆತ್ತಿ, 'ಕನ್ನಡಕದಪ್ಪನಾ? ಇದೇನು ವೇಷ,' ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

ಅವನು ಮೊದಲ ವಾಕ್ಯ ಹೇಳಿದ. ಕೋಣೆಯೊಳಗೆ ಹೇಳುವಷ್ಟು ದನಿಯಲ್ಲಿ. ಅವಳು ಕಿವಿಗೆ ಕೈಯಿಟ್ಟಳು. 'ಜೋರಾಗಿ ಹೇಳು ಮಗ.' ಅವನು ಮಗಳ ಕಡೆ ನೋಡಿದ. ಅವಳು ಬಾಗಿಲಿಗೆ ಒರಗಿ ಕೈ ಕಟ್ಟಿ ನಿಂತಿದ್ದಳು. ಮೇಜಿನ ಮೇಲೆ ಪೆನ್ಸಿಲ್ಲು, ಹಳೆಯ ಕ್ಯಾಲೆಂಡರಿನ ಹಾಳೆ ಕಂಡವು; ಅವನ ಕಣ್ಣು ಅತ್ತ ಹೋದದ್ದನ್ನು ನೋಡಿ ಮಗಳು, ಓದೋಕೆ ಬರಲ್ಲ ಅವಳಿಗೆ, ಕನ್ನಡಕ ಇರೋದು ಹೊಲಿಗೆಗೆ, ಎಂದಳು. ಅವನು ಸ್ವಲ್ಪ ದನಿ ಏರಿಸಿದ. ಮುದುಕಿ ತಲೆಯಾಡಿಸಿದಳು, ಕೇಳಿಸಲಿಲ್ಲ. ಇನ್ನೂ ಏರಿಸಿದ. ಗಂಟಲಿನ ನರ ಉಬ್ಬಿತು, ಎದುರು ಕಿಟಕಿಯಲ್ಲಿ ಬಟ್ಟೆ ಕೊಡವುತ್ತಿದ್ದವಳು ಕೊಡವುವುದನ್ನು ನಿಲ್ಲಿಸಿದ್ದು ಕಣ್ಣಂಚಿಗೆ ಕಂಡಿತು. ಅಂಗಳಕ್ಕೆ, ನಾಲ್ಕೂ ಗೋಡೆಗಳಿಗೆ ಕೇಳಿಸುವ ಹಾಗೆ ಕೂಗಿದ, ನಿಮ್ಮ ಯಜಮಾನರು ಕುಡಿದು ಬೀಳಲಿಲ್ಲ, ನನ್ನನ್ನ ಎತ್ತೋಕೆ ಇಳಿದ್ರು, ನಾನು ಬದುಕಿದೆ, ನಾನು ಯಾರಿಗೂ ಹೇಳಲಿಲ್ಲ, ಎಂದು. ಗೋಡೆಗಳು ಅದನ್ನು ಒಂದು ಸಲ ಹಿಂ‍ದಕ್ಕೆ ಕೊಟ್ಟವು.

ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಮುದುಕಿ ಅವನ ಮುಖವನ್ನು ನೋಡಿದಳು, ಅವನು ಮಾಡಿಕೊಟ್ಟ ಗಾಜುಗಳ ಮೂಲಕ. ಕೈ ತಲೆಗೆ ಹೋಗದಂತೆ ಅವನು ಎರಡೂ ಕೈಗಳನ್ನು ಒಂದಕ್ಕೊಂದು ಹೆಣೆದು ಹಿಡಿದ. ಹೊಡೆಯಲಿ, ಉಗಿಯಲಿ ಎಂದು ಕಾದ.

'ನೀರು ತಣ್ಣಗಿತ್ತಾ?' ಎಂದಳು.

'ಹೂಂ,' ಎಂದ. ಅವಳು ಕಿವಿ ಮುಂದೆ ಮಾಡಿದಳು. 'ತುಂಬಾ ತಣ್ಣಗಿತ್ತಮ್ಮ,' ಎಂದು ಕೂಗಿದ.

'ಬಿರುಬೇಸಿಗೆಯಲ್ಲೂ ಬಿಸಿನೀರಿಲ್ಲದೆ ಮೈ ತೊಳೀತಿರಲಿಲ್ಲ ಆ ಮನುಷ್ಯ,' ಎಂದು ಮುದುಕಿ ಮಗಳ ಕಡೆ ತಿರುಗಿ ದೂರಿದಳು, ಗಂಡ ಬೆಳಿಗ್ಗೆ ತಾನೇ ಹೇಳದೆ ಕೇಳದೆ ಎಲ್ಲೋ ಹೋದನೆಂಬಂತೆ. 'ನೀವೇನು ಎಳೆಮಗುವಾ ಅಂತ ಬೈತಿದ್ದೆ ನಾನು.' ಮಗಳು ಬಾಗಿಲಿನಿಂದ ಕದಲಿ ಗೋಡೆಯ ಕಡೆ ಮುಖ ಮಾಡಿದಳು. ಅವಳ ಬೆನ್ನು ಮಾತ್ರ ಕಾಣಿಸುತ್ತಿತ್ತು, ಅದು ಕುಲುಕುತ್ತಿತ್ತು.

ಮುದುಕಿ ಹೊಲಿಗೆಯನ್ನು ಕೆಳಗಿಟ್ಟು, ತನ್ನ ಎಡಗಡೆಯ ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ಎಳೆದು, ಅದರ ಮೇಲೆ ಅಂಗೈ ತಟ್ಟಿದಳು. 'ಈ ಕಡೆ ಕೂತ್ಕೋ. ಮೊದಲಿಂದ ಹೇಳು. ಅವರು ಕೆಲಸಕ್ಕೆ ಒಯ್ತಿದ್ದ ಕೈಚೀಲ ಎಲ್ಲಿಟ್ರು, ಅಲ್ಲಿಂದ ಶುರು ಮಾಡು.'

ಅವನು ಕೂತ. ಕೆಳಗೆ ನಲ್ಲಿಯ ಸದ್ದು ನಿಂತಿತ್ತು. ಇಡೀ ಅಂಗಳ ಉಸಿರು ಬಿಗಿಹಿಡಿದು ಕೇಳುತ್ತಿರುವಂತಿತ್ತು. ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಅವಳ ಕಿವಿಯ ಹತ್ತಿರಕ್ಕೆ ಬಾಗಿ, ಉಸಿರು ತೆಗೆದುಕೊಂಡು, ಚೀಲವನ್ನು ಅವರು ಎಸೆಯಲಿಲ್ಲ, ಮೇಲೆ ಬಂದು ತಗೊಳ್ಳೋಣ ಅನ್ನೋ ಹಾಗೆ ದಾರಿ ಪಕ್ಕದ ಕಲ್ಲಿಗೆ ಒರಗಿಸಿ ಇಟ್ರು, ಎಂದು ಕೂಗಿ ಹೇಳತೊಡಗಿದ.